ಕೆಂಪು ಚೀಟಿಯ ನಾಲ್ಕು ಫೋನುಗಳು

೩ ಫೆಬ್ರವರಿ, ಸೋಮವಾರ

ಎದೆ ಡವಗುಟ್ಟುತ್ತದೆ, ಮಾತ್ರೆ ಕೊಡಿ ಎಂದರೆ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಇನ್ನೊಂದು ಕೆಲಸವನ್ನೂ ಹಚ್ಚಿದರು. "ಮನಸ್ಸಿಗೆ ಬಂದದ್ದನ್ನ ಒಂದು ಪುಸ್ತಕದಲ್ಲಿ ಬರೀರಿ, ತಲೇಲಿ ಇಟ್ಕೊಂಡು ತಿರುಗಬೇಡಿ." ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳಿಗೆ ಬರೆಯುವ ಔಷಧ! ಕಾಗುಣಿತ ತಪ್ಪಿದರೆ ಯಾರು ನೋಡುತ್ತಾರೆ ಎಂದು ಧೈರ್ಯ ಮಾಡಿದ್ದೇನೆ. ಯಾರಾದರೂ ನೋಡಿಬಿಟ್ಟರೆ? ಅಕ್ಕ ನನ್ನ ಪೆಟ್ಟಿಗೆಗೆ ಕೈ ಹಾಕುವವಳಲ್ಲ. ಆದರೂ ಪುಸ್ತಕವನ್ನು ಹಳೆಯ ಸ್ವೆಟರಿನೊಳಗೆ ಸುತ್ತಿ ಇಡುತ್ತೇನೆ.

ಇವತ್ತಿನಿಂದ ಹೊಸ ಪರೀಕ್ಷೆ ಶುರು. ನನ್ನ ಕೆಲಸ ಮಾತ್ರ ಹಳೆಯದೇ, ಚೀಲ ಹೊತ್ತು ನಡೆಯುವುದು. ಐದು ವರ್ಷದಿಂದ ನಡೆಯುತ್ತಿದ್ದೇನೆ. ಚೀಲದೊಳಗೆ ಎಂಟು ಫೋನು. ಕಂಪನಿಯ ಗೇಟಿನಿಂದ ಹೊರಟು ಟೈರ್ ಅಂಗಡಿ, ಮೇಲ್ಸೇತುವೆಯ ಕೆಳಗೆ, ಬಸ್ ನಿಲ್ದಾಣ, ಮಾರ್ಕೆಟ್ಟಿನ ನೆಲಮಾಳಿಗೆ, ಮತ್ತೆ ವಾಪಸು ಗೇಟು. ಒಂದು ಸುತ್ತಿಗೆ ಒಂದು ಗಂಟೆ, ದಿನಕ್ಕೆ ನಾಲ್ಕು ಸುತ್ತು. ಎಲ್ಲಿ ಸಿಗ್ನಲ್ ಹೇಗಿತ್ತು, ಬ್ಯಾಟರಿ ಎಷ್ಟು ಖರ್ಚಾಯಿತು ಎಂಬುದನ್ನು ಫೋನುಗಳೇ ಬರೆದಿಟ್ಟುಕೊಳ್ಳುತ್ತವೆ. ಅವು ಮೂಟೆ, ನಾನು ಕತ್ತೆ.

ಎಂಟರಲ್ಲಿ ನಾಲ್ಕಕ್ಕೆ ನೀಲಿ ಚೀಟಿ ಅಂಟಿಸಿದ್ದಾರೆ. ಅವು ಹಳೆಯ ಪದ್ಧತಿಯವು. ಉಳಿದ ನಾಲ್ಕಕ್ಕೆ ಕೆಂಪು ಚೀಟಿ. ಅವುಗಳಲ್ಲಿ ನಮ್ಮ ಇಂಜಿನಿಯರ್ ಮೇಡಂ ಕಂಡುಹಿಡಿದ ಹೊಸ ಪದ್ಧತಿ ಇದೆ. ಮೇಡಂಗೆ ಮೂವತ್ತೂ ದಾಟಿರಲಿಕ್ಕಿಲ್ಲ. ಊಟದ ಮೇಜಿನ ಮೇಲೆ ನನ್ನ ಡಬ್ಬಿಯನ್ನೇ ಗೋಡೆ ಮಾಡಿ ವಿವರಿಸಿದರು.

"ಬ್ಯಾಂಡ್‌ವಿಡ್ತ್ ಅಂದ್ರೆ ಬಾಗಿಲಿನ ಅಗಲ ಅಂತಿಟ್ಕೊಳ್ಳಿ. ವಿಡಿಯೋ ಬರಬೇಕಾದ್ರೆ ಹೆಬ್ಬಾಗಿಲು ಬೇಕು. ಸುಮ್ಮನೆ ಜೇಬಲ್ಲಿದ್ದಾಗ ದಿಡ್ಡಿ ಬಾಗಿಲು ಸಾಕು. ಹೆಬ್ಬಾಗಿಲು ತೆರೆದೇ ಇಟ್ರೆ ಕಾವಲುಗಾರ ಸುಸ್ತಾಗ್ತಾನೆ, ಬ್ಯಾಟರಿ ಹೋಗುತ್ತೆ. ಈಗಿನ ಪದ್ಧತೀಲಿ ನಾಲ್ಕು ಥರದ ಬಾಗಿಲು, ನಲವತ್ತಾರು ನಿಯಮ. ಪ್ರತಿ ಸಲ ಟವರನ್ನ ಕೇಳಿ, ಅಪ್ಪಣೆ ಪಡೆದು ಬದಲಾಯಿಸಬೇಕು."

"ನಿಮ್ಮದ್ರಲ್ಲಿ?"

"ಎರಡೇ ಬಾಗಿಲು, ಒಂದು ಗಡಿಯಾರ. ಯಾರಾದ್ರೂ ಬಂದ್ರೆ ದೊಡ್ಡದು ತೆರೀತದೆ. ಒಂದು ನಿಮಿಷ ಯಾರೂ ಬರದಿದ್ರೆ ತಾನೇ ಮುಚ್ಕೊಂಡು ಚಿಕ್ಕದಾಗುತ್ತೆ. ಮುಂದಿನ ತಲೆಮಾರಿನ ಮೊಬೈಲಿಗೆ ಇಷ್ಟು ಸಾಕು. ನಿಮ್ಮ ಕೆಲಸ ಸುಮ್ಮನೆ ನಡೆಯೋದು, ಅಷ್ಟೇ."

ನನಗೆ ಅರ್ಥವಾಯಿತು! ಈ ಐದು ವರ್ಷದಲ್ಲಿ ನಾನು ಹೊರುವುದು ಏನು ಎಂದು ಯಾರೂ ನನಗೆ ಹೇಳಿರಲಿಲ್ಲ.

ನಾಲ್ಕು ವಾರ ನಡೆಯಬೇಕು. ಮಾರ್ಚ್ ಏಳಕ್ಕೆ ಮೇಲಿನವರ ಸಭೆ. ಗೆದ್ದರೆ ಮೇಡಂ ಇಲ್ಲೇ ಉಳಿಯುತ್ತಾರೆ, ಅವರಿಗೆ ಸ್ವಂತ ವಿಭಾಗ ಕೊಡುತ್ತಾರೆ, ಅದರಲ್ಲಿ ನನ್ನನ್ನು ಕಾಯಂ ಮಾಡಿಸುತ್ತಾರಂತೆ. ವರದಿಯಲ್ಲಿ ನನ್ನ ಹೆಸರನ್ನೂ ಹಾಕುತ್ತಾರಂತೆ. ಸೋತರೆ ಮೇಡಂ ಹೋಗಬೇಕು. ಸೋತರೆ ಏನು ಗತಿ? ನಾನು ಎಡವಿ ಬಿದ್ದು ಚೀಲ ಒಡೆದರೆ? ಮಾರ್ಕೆಟ್ಟಿನ ಮೆಟ್ಟಿಲು ಯಾವಾಗಲೂ ಒದ್ದೆ.

೫ ಫೆಬ್ರವರಿ, ಬುಧವಾರ

ನೀಲಿಯವು ನನಗೆ ಗೊತ್ತಿರುವ ಮಕ್ಕಳು, ಐದು ವರ್ಷದ ಒಡನಾಟ. ಅವುಗಳ ಚಿಂತೆಯಿಲ್ಲ. ಕೆಂಪಿನವು ಹಸುಗೂಸುಗಳು. ನಡುದಾರಿಯಲ್ಲಿ ಉಸಿರು ನಿಂತುಬಿಟ್ಟರೆ ನಾಲ್ಕನೇ ಸುತ್ತು ಮುಗಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಟೈರ್ ಅಂಗಡಿಯ ಮುಂದೆ ಒಮ್ಮೆ, ಸೇತುವೆಯ ಕೆಳಗೆ ಒಮ್ಮೆ ಜಿಪ್ ಎಳೆದು, ಗುಂಡಿ ಒತ್ತಿ ನೋಡಿಕೊಂಡೆ. ನಾಲ್ಕೂ ಬೆಳಗಿದವು. ಜೀವಕ್ಕೆ ಸಮಾಧಾನವಾಯಿತು.

ಮನೆಯಲ್ಲಿ ಅಕ್ಕ ಶಾಲೆಯ ಸಮವಸ್ತ್ರಗಳ ರಾಶಿಯ ನಡುವೆ ಕೂತು ಕಾಜ ಹೊಲಿಯುತ್ತಿದ್ದಳು. ನಾನು ಬೀಗ ಹಾಕಿ ಬಂದು, ಮತ್ತೆ ಹೋಗಿ ಎಳೆದು ನೋಡಿ ಬಂದೆ. "ಆ ಬೀಗ ನಿನ್ನ ಕೈಯಿಂದಾನೇ ಸವೆಯೋದು, ಕಳ್ಳನ ಕೈಯಿಂದಲ್ಲ" ಅಂದಳು.

೧೧ ಫೆಬ್ರವರಿ, ಮಂಗಳವಾರ

ಚಾರ್ಜಿಂಗ್ ಕೋಣೆಯವರು ಸಂಜೆ ಎಂಟೂ ಫೋನುಗಳಲ್ಲಿ ನೂರಕ್ಕೆ ಎಷ್ಟು ಬ್ಯಾಟರಿ ಉಳಿದಿದೆ ಎಂದು ನೋಡಿ ಗೋಡೆಯ ಹಾಳೆಯಲ್ಲಿ ಬರೆಯುತ್ತಾರೆ. ನಿವೃತ್ತಿಗೆ ಎರಡು ವರ್ಷ ಇರುವ ಮನುಷ್ಯ. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಎಲ್ಲರೂ ರೇಡಿಯೋ ಮಾಮ ಎನ್ನುತ್ತೇವೆ.

ನೀಲಿ: ೬೩, ೬೧, ೬೪, ೬೨. ಕೆಂಪು: ೫೬, ೫೪, ೫೭, ೫೫.

ಕೆಂಪು ಎಂಬತ್ತರ ಹತ್ತಿರ ಇರಬೇಕಿತ್ತು. ರೇಡಿಯೋ ಮಾಮ ನಗುತ್ತಿದ್ದರು. "ನಿನ್ನ ಕೆಂಪಮ್ಮಂದಿರು ನಿನ್ನ ಹಾಗೇ ಕಣಮ್ಮ, ಒಂದು ಗಳಿಗೆ ಸುಮ್ಮನೆ ಕೂರೋಲ್ಲ."

ನನಗೆ ನಗು ಬರಲಿಲ್ಲ. ನಾನು ವೇಗವಾಗಿ ನಡೆದೆನೇ? ಬಿಸಿಲಿಗೆ ಚೀಲ ಕಾಯಿತೇ? ನಾಳೆಯಿಂದ ನೆರಳಿನ ಬದಿಯಲ್ಲೇ ಹೋಗುತ್ತೇನೆ, ಫೋನುಗಳ ಮೇಲೆ ಇನ್ನೂ ಚೆನ್ನಾಗಿ ಕಣ್ಣಿಡುತ್ತೇನೆ.

೧೪ ಫೆಬ್ರವರಿ, ಶುಕ್ರವಾರ

ಕೆಂಪು: ೫೧, ೫೦, ೫೨, ೪೯.

ನೆರಳಲ್ಲಿ ನಡೆದದ್ದಕ್ಕೆ ಇದು ಫಲ. ಐದೈದು ನಿಮಿಷಕ್ಕೊಮ್ಮೆ ನಿಂತು ನೋಡಿದೆ. ನೋಡಿದಾಗಲೆಲ್ಲ ಒಂದೊಂದು ಅಂಕಿ ಇಳಿದಿರುತ್ತದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಮುದುಕಿ, "ಯಾರಿಗಮ್ಮ ಹುಷಾರಿಲ್ಲ, ಅಷ್ಟು ಸಲ ಫೋನ್ ನೋಡ್ತೀಯಲ್ಲ" ಎಂದು ಕೇಳಿದರು. "ನಾಲ್ಕು ಜನಕ್ಕೆ" ಅಂದೆ. ಪಾಪ, ಅವರು ಕೈಮುಗಿದರು.

೨೦ ಫೆಬ್ರವರಿ, ಗುರುವಾರ

ಮೇಡಂ ಕಣ್ಣ ಸುತ್ತ ಕಪ್ಪಾಗಿದೆ. ತಮ್ಮ ಮೇಜಿಗೆ ಕರೆದು ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಬಾಚಣಿಗೆಯ ಹಲ್ಲಿನ ಹಾಗೆ ಏಳುತ್ತವೆ, ಬೀಳುತ್ತವೆ.

"ಇಲ್ಲಿ ನೋಡಿ. ಮೂರು ನಿಮಿಷಕ್ಕೊಮ್ಮೆ, ನಾಲ್ಕು ನಿಮಿಷಕ್ಕೊಮ್ಮೆ ಹೆಬ್ಬಾಗಿಲು ತೆರೀತಿದೆ. ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಯಾರು ಅಂತ ಗೊತ್ತಾಗ್ತಿಲ್ಲ."

"ನೀಲಿಯವಕ್ಕೂ ಹೀಗಾಗ್ತಿದೆಯಾ ಮೇಡಂ?"

"ಇಲ್ಲ. ಕೆಂಪಿನವಕ್ಕೆ ಮಾತ್ರ. ಅದಕ್ಕೇ ನನ್ನ ಗಡಿಯಾರದಲ್ಲೇ ತಪ್ಪಿದೆ ಅನ್ಸುತ್ತೆ. ನೀವು ದಾರೀಲಿ ಏನಾದ್ರೂ ವಿಶೇಷ ಕಂಡ್ರಾ?"

ಇಲ್ಲ ಅಂದೆ. ನಾನು ಕಂಡದ್ದಾದರೂ ಏನು? ಬಲಗಡೆ ಟೈರು, ಎಡಗಡೆ ಬಸ್ಸು. ಕಳ್ಳ ಯಾರಿರಬಹುದು ಎಂದು ಸುತ್ತಿನುದ್ದಕ್ಕೂ ಯೋಚಿಸಿದೆ. ಮಾರ್ಕೆಟ್ಟಿನ ಮೇಲೆ ಒಂದು ಹೊಸ ಟವರು ಎದ್ದಿದೆ. ಅದರ ಮೇಲೆ ನನಗೆ ಅನುಮಾನ.

ಓದಿದ್ದಿದ್ದರೆ ಸಹಾಯವಾಗುತ್ತಿತ್ತು. ಅಮ್ಮ ತೀರಿಕೊಂಡ ವರ್ಷ ಅಕ್ಕ ಹೊಲಿಗೆಗೆ ಕೂತಳು, ನಾನು ಗುಂಡಿ ಹಚ್ಚಲು ಕೂತೆ. ಗಣಿತದ ಪುಸ್ತಕದಲ್ಲಿ ಅರ್ಧಕ್ಕೆ ನಿಂತ ಲೆಕ್ಕ ಇನ್ನೂ ಹಾಗೇ ಇದೆ.

೨೭ ಫೆಬ್ರವರಿ, ಗುರುವಾರ

ಕೆಂಪು: ೪೫, ೪೩, ೪೬, ೪೪.

ನಾಳೆ ಲೆಕ್ಕದ ಕೊನೆಯ ದಿನ. ಆಮೇಲೆ ನಡೆದದ್ದು ಯಾವ ವರದಿಗೂ ಸೇರುವುದಿಲ್ಲ. ಎರಡನೇ ನಂಬರಿನದು ಸತ್ತೇಹೋಗುತ್ತದೇನೋ ಎಂದು ಅದನ್ನು ಚೀಲದಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡು ನಡೆದೆ. ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ.

ಮನೆಗೆ ಬಂದು ಅನ್ನಕ್ಕಿಟ್ಟೆ. ಬೆಂದಿತೋ ಇಲ್ಲವೋ ಎಂದು ನೋಡುತ್ತಿದ್ದಾಗ ಅಕ್ಕ ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡಳು. "ಹತ್ತು ಸಲ ತೆಗೆದ್ರೆ ಬೇಯೋದು ಯಾವಾಗ? ಅದರ ಪಾಡಿಗೆ ಅದನ್ನ ಬಿಡು ಮಾರಾಯ್ತಿ."

೩ ಮಾರ್ಚ್, ಸೋಮವಾರ

ಮೇಡಂ ವರದಿ ಬರೆಯಲು ಮುಖ್ಯ ಕಚೇರಿಗೆ ಹೋಗಿದ್ದಾರೆ. ಈ ವಾರದ ನಡಿಗೆ ಲೆಕ್ಕಕ್ಕಿಲ್ಲ. ಚೀಲ ಖಾಲಿ ಕೂರಬಾರದು ಎಂದು ನಡೆಸುತ್ತಾರೆ ಅಷ್ಟೆ.

ಬೆಳಗ್ಗೆ ಗೇಟಿನ ಹತ್ತಿರ ಜಿಪ್ಪಿನ ಹಲ್ಲುಗಳ ನಡುವೆ ಬಟ್ಟೆ ಸಿಕ್ಕಿಕೊಂಡಿತು. ಎಳೆದೆ, ಬರಲಿಲ್ಲ. ಮೊದಲನೇ ಸುತ್ತು ಪೂರ್ತಿ ಬೆರಳು ಕಚ್ಚುತ್ತಾ ನಡೆದೆ. ಸೇತುವೆಯ ಕೆಳಗೆ ಬೆವರು ಕಿತ್ತುಕೊಂಡು ಬಂತು. ಎರಡನೆಯದರಲ್ಲಿ ಚೀಲಕ್ಕೆ ಕಿವಿ ಹಚ್ಚಿ ಕೇಳಿದೆ, ಫೋನೇನು ಉಸಿರಾಡುತ್ತದೆಯೇ! ಮೂರು, ನಾಲ್ಕು ಹೇಗೋ ಮುಗಿದವು. ಸಂಜೆ ರೇಡಿಯೋ ಮಾಮ ಇಕ್ಕಳ ತಂದು ಜಿಪ್ಪನ್ನೇ ಕಿತ್ತರು.

ನೀಲಿ: ೬೨, ೬೨, ೬೩, ೬೧. ಕೆಂಪು: ೮೩, ೮೧, ೮೪, ೮೨.

"ಥತ್, ಚಾರ್ಜರ್ ಕೆಟ್ಟಿರಬೇಕು" ಎನ್ನುತ್ತಾ ಮಾಮ ಬರೆದುಕೊಂಡರು.

ಜಿಪ್ಪು ಕಿತ್ತ ಖಾಲಿ ಚೀಲವನ್ನು ಹೊಲಿಸಲು ಮನೆಗೆ ತಂದೆ.

ಮೇಡಂ ಮೊದಲ ದಿನವೇ ಹೇಳಿದ್ದರು, ಸುಮ್ಮನೆ ನಡೆಯಿರಿ ಎಂದು. ನಾನು ಸುಮ್ಮನೇ ನಡೆದಿದ್ದೆನಲ್ಲ. ಬರೀ ನೋಡಿದೆ. ನೋಡುವುದೂ ಮುಟ್ಟಿದ ಹಾಗೆಯೇ?

೪ ಮಾರ್ಚ್, ಮಂಗಳವಾರ

ಅಕ್ಕ ರಾತ್ರಿಯೇ ಹೊಸ ಜಿಪ್ ಹೊಲಿದು ಕೊಟ್ಟಳು. ನಾನು ಅದಕ್ಕೆ ದಾರ ಸುತ್ತಿ ಮೂರು ಗಂಟು ಹಾಕಿದೆ. ಕೈ ತಾನಾಗಿಯೇ ಗಂಟಿನ ಮೇಲೆ ಹೋಗುತ್ತಿತ್ತು. ಕೈಯನ್ನೇ ಜೇಬಿನಲ್ಲಿಟ್ಟುಕೊಂಡು ನಡೆದೆ.

ಕೆಂಪು: ೮೨, ೮೨, ೮೩, ೮೧.

೫ ಮಾರ್ಚ್, ಬುಧವಾರ

ಮೊದಲ ಎರಡು ಸುತ್ತು ಬಿಚ್ಚಿ ನೋಡಿದೆ, ಮೊದಲಿನ ಹಾಗೆಯೇ, ಮೂರು ನಿಮಿಷಕ್ಕೊಮ್ಮೆ. ಎರಡೇ ಸುತ್ತಿಗೆ ಕೆಂಪು ಎಪ್ಪತ್ತಮೂರಕ್ಕೆ ಬಂತು. ಇನ್ನು ಅನುಮಾನವಿಲ್ಲ. ಪರದೆ ಬೆಳಗಿದರೆ ಒಳಗಿರುವುದೆಲ್ಲ ಎಚ್ಚರವಾಗುತ್ತದೆ, ಸುದ್ದಿ ತರಿಸಿಕೊಳ್ಳುತ್ತದೆ, ಹೆಬ್ಬಾಗಿಲು ತೆರೆಯುತ್ತದೆ. ಅದು ಮುಚ್ಚಿ ದಿಡ್ಡಿ ಬಾಗಿಲಾಗಲು ಒಂದು ನಿಮಿಷ. ಮುಚ್ಚಿತೆನ್ನುವಷ್ಟರಲ್ಲಿ ನಾನು ಇನ್ನೊಂದು ಸಲ. ನೀಲಿಯವನ್ನು ನಾನು ಒಂದು ದಿನವೂ ಮುಟ್ಟಿಲ್ಲ.

ಬಾಗಿಲು ತಟ್ಟಿದವಳು ನಾನೇ.

ರೇಡಿಯೋ ಮಾಮನಿಗೆ ಮಾತ್ರ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಹಾಕಿ, ಮೊದಲ ಸಲ ದನಿ ತಗ್ಗಿಸಿದರು. ಆಮೇಲೆ, "ಬಾಯಿಗೆ ಬೀಗ ಹಾಕ್ಕೊಂಡಿರು. ಸಭೆ ಏನಾಗುತ್ತೋ ಆಗಲಿ. ಹೇಳಿದ್ರೆ ನಿನ್ನ ಚೀಲ ನಾಳೇನೇ ಬೇರೆಯವರ ಹೆಗಲಿಗೆ ಹೋಗುತ್ತೆ" ಅಂದರು.

"ಹೇಳದಿದ್ರೆ ಮೇಡಂ ಹೋಗ್ತಾರೆ."

"ಮೇಡಂಗೆ ಡಿಗ್ರಿ ಇದೆ ಕಣಮ್ಮ, ಎಲ್ಲಾದರೂ ಬದುಕ್ಕೋತಾರೆ. ನಿನಗೇನಿದೆ? ಎರಡು ಕಾಲು."

ಮಧ್ಯಾಹ್ನ ಮೆಟ್ಟಿಲ ಕೆಳಗೆ ನಿಂತು ಮೇಡಂ ನಂಬರು ಒತ್ತಿದೆ. ಒಂದು ಸಲ ಬಡಿದುಕೊಂಡಿತು, ಕತ್ತರಿಸಿದೆ. ಕೂಡಲೇ ಅವರೇ ಮಾಡಿದರು.

"ಏನಾದ್ರೂ ಹೇಳಬೇಕಿತ್ತಾ? ದನಿ ಯಾಕೆ ಹೀಗಿದೆ?"

"ಇಲ್ಲ ಮೇಡಂ. ಕೈ ತಗುಲಿಬಿಡ್ತು."

೬ ಮಾರ್ಚ್, ಗುರುವಾರ

ಇವತ್ತು ಹೇಳಬೇಕು ಎಂದು ಹೋದೆ. ಹೇಳಲಿಲ್ಲ. ಹೇಗೆ ಹೇಳುವುದೆಂದು ಮೂರು ಥರ ಬರೆದುಕೊಂಡಿದ್ದೆ, ಮೂರೂ ಹಾಳೆ ಹರಿದೆ. ಕಾಗುಣಿತ ತಪ್ಪಿತ್ತು ಎಂದು ಹರಿದೆನೋ, ಧೈರ್ಯವಿಲ್ಲದೆ ಹರಿದೆನೋ.

೭ ಮಾರ್ಚ್, ಶುಕ್ರವಾರ

ಸಭೆ ಮುಗಿಯಿತು. ಬೇಡ ಅಂದರು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲವಂತೆ. ನಲವತ್ತಾರು ನಿಯಮಗಳೇ ಇರಲಿ, ಗೊತ್ತಿರುವ ದೆವ್ವ ವಾಸಿ ಎಂದು ಯಾರೋ ಅಂದು ಎಲ್ಲರೂ ನಕ್ಕರಂತೆ.

ವರದಿಯ ಒಂದು ಪ್ರತಿ ಚಾರ್ಜಿಂಗ್ ಕೋಣೆಗೂ ಬಂತು. ಕೊನೆಯ ಪುಟದಲ್ಲಿ ನನ್ನ ಹೆಸರು. "ದಾರಿಯ ಪರೀಕ್ಷೆಯನ್ನು ಅತ್ಯಂತ ಶ್ರದ್ಧೆಯಿಂದ ನಡೆಸಿದವರು" ಎಂದು ಬರೆದಿದ್ದಾರೆ. ಅಚ್ಚಾದ ನನ್ನ ಹೆಸರನ್ನು ನೋಡಿದ್ದು ಹುಟ್ಟಿದ ಮೇಲೆ ಇದೇ ಮೊದಲು.

ಎಲ್ಲರ ಎದುರು ಅಳಬಾರದೆಂದು ಮಾರ್ಕೆಟ್ಟಿನ ನೆಲಮಾಳಿಗೆಗೆ ಹೋದೆ. ಅಲ್ಲಿ ಸಾಮಾನು ಇಳಿಸುವವರು ಇದ್ದರು. ವಾಪಸು ಬಂದೆ.

೧೦ ಮಾರ್ಚ್, ಸೋಮವಾರ

ದೊಡ್ಡವರ ಕೋಣೆಗೆ ನಾನಾಗಿಯೇ ಹೋದೆ. ನಮ್ಮ ವಿಭಾಗಕ್ಕೆಲ್ಲ ಅವರೇ ಮುಖ್ಯಸ್ಥರು. ಐದು ವರ್ಷದಲ್ಲಿ ಅದೇ ಮೊದಲ ಸಲ ಆ ಕಾರ್ಪೆಟ್ಟಿನ ಮೇಲೆ ಕಾಲಿಟ್ಟದ್ದು. ಚಪ್ಪಲಿ ಹೊರಗೆ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲೇ ಎರಡು ನಿಮಿಷ ಹೋಯಿತು.

ಎಲ್ಲ ಹೇಳಿದೆ. ಜಿಪ್ಪು, ಗಂಟು, ಎಂಬತ್ತಮೂರು, ಎಪ್ಪತ್ತಮೂರು. ಗೋಡೆಯ ಹಾಳೆಯನ್ನೇ ಕಿತ್ತು ತಂದು ಮೇಜಿನ ಮೇಲಿಟ್ಟೆ. ಅವರು ತಾಳ್ಮೆಯಿಂದಲೇ ಕೇಳಿದರು. ನನಗೆ ಹಗುರವಾಗುತ್ತಾ ಬಂತು.

"ಎಲ್ಲೀವರೆಗೆ ಓದಿದ್ದೀರಿ?" ಎಂದು ಕೇಳಿದರು.

"ಏಳು. ಅದೂ ಪೂರ್ತಿ ಇಲ್ಲ ಸರ್."

"ಪರದೆ ಬೆಳಗಿದ್ರೆ ಬ್ಯಾಂಡ್‌ವಿಡ್ತ್ ಅಗಲ ಆಗುತ್ತೆ, ಒಂದು ನಿಮಿಷದ ಟೈಮರ್ ಮತ್ತೆ ಮೊದಲಿಂದ ಶುರುವಾಗುತ್ತೆ. ಇದನ್ನೆಲ್ಲ ನೀವೇ ಯೋಚನೆ ಮಾಡಿದ್ರಾ?"

"ಹೌದು ಸರ್."

ಕನ್ನಡಕ ತೆಗೆದು ಒರೆಸಿಕೊಂಡರು. ಕೋಪವಿರಲಿಲ್ಲ, ಅದೇ ಕಷ್ಟ. "ನೋಡಿಮ್ಮ, ನೀವು ಒಳ್ಳೆಯವರು. ನಿಮ್ಮನ್ನ ಮುಂದೆ ಬಿಟ್ಟು ಆಟ ಆಡಿಸೋರಿಗೆ ಹೇಳಿ, ಸಭೆ ಮುಗಿದಿದೆ ಅಂತ. ನಿಮಗೇನೂ ಆಗೋಲ್ಲ. ಹೋಗಿ ಕೆಲಸ ನೋಡ್ಕೊಳ್ಳಿ."

"ಯಾರೂ ಹೇಳಿಕೊಟ್ಟಿಲ್ಲ ಸರ್. ಆಣೆಗೂ."

"ಆಯ್ತು, ಆಯ್ತು."

೧೨ ಮಾರ್ಚ್, ಬುಧವಾರ

ದೊಡ್ಡವರು ಮೇಡಂನಿಂದ ವಿವರಣೆ ಬರೆಸಿಕೊಂಡರಂತೆ. ಕೆಲಸಗಾರರನ್ನು ಎತ್ತಿಕಟ್ಟಿ ಫಲಿತಾಂಶ ಬದಲಿಸಲು ನೋಡಿದ್ದೇಕೆ ಎಂದು. ಹೋಗುವಾಗ ಕೊಡುವ ಒಳ್ಳೆಯ ಮಾತಿನ ಪತ್ರವೂ ಈಗ ಸಿಗುವುದಿಲ್ಲ ಎಂದು ರೇಡಿಯೋ ಮಾಮ ಹೇಳಿದರು. ಬೇರೆಲ್ಲಾದರೂ ಕೆಲಸ ಸಿಗಬೇಕಾದರೆ ಆ ಪತ್ರ ಬೇಕಂತೆ.

ಮಧ್ಯಾಹ್ನ ಮೆಟ್ಟಿಲ ಮೇಲೆ ಮೇಡಂ ಎದುರಾದರು. ಬೈಯುತ್ತಾರೆಂದು ಗೋಡೆಗೆ ಒತ್ತಿ ನಿಂತೆ.

"ಎಷ್ಟು ನಿಮಿಷಕ್ಕೊಮ್ಮೆ ನೋಡ್ತಿದ್ರಿ?"

"ಮೊದಮೊದಲು ಹತ್ತು. ಆಮೇಲೆ ಮೂರು ನಾಲ್ಕು."

"ನಾಲ್ಕನ್ನೂ?"

"ಹೂಂ. ಒಂದಾದ ಮೇಲೆ ಒಂದು."

ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾ ಲೆಕ್ಕ ಮಾಡಿದರು. "ಬ್ಯಾಟರಿ ನಲವತ್ತನಾಲ್ಕು ಬರಬೇಕು. ನಲವತ್ತನಾಲ್ಕೇ ಬಂದಿದೆ. ಸರಿಹೋಗುತ್ತೆ! ಗಡಿಯಾರ ಸರಿಯಾಗೇ ಇತ್ತು ಹಾಗಾದ್ರೆ." ಅವರ ಮುಖ ಒಂದು ಗಳಿಗೆ ಸಣ್ಣ ಹುಡುಗಿಯ ಮುಖವಾಯಿತು. ನನ್ನ ತೋಳು ಹಿಡಿದು ಅಲುಗಿಸಿದರು. ಆಮೇಲೆ ಕೈ ಬಿಟ್ಟರು.

"ಆ ಬುಧವಾರ ಫೋನ್ ಮಾಡಿದ್ರಲ್ಲ. ಇದನ್ನ ಹೇಳೋಕಾ?"

"ಹೌದು."

"ಅವತ್ತು ಇನ್ನೂ ಎರಡು ದಿನ ಇತ್ತು."

ಅಷ್ಟೇ ಹೇಳಿ ಇಳಿದು ಹೋದರು. ಬೈದಿದ್ದರೆ ಬರೆಯಲು ಏನಾದರೂ ಇರುತ್ತಿತ್ತು.

೨೪ ಮಾರ್ಚ್, ಸೋಮವಾರ

ಮೇಡಂ ಶುಕ್ರವಾರ ಹೋದರಂತೆ. ನಾನು ಸುತ್ತಿನಲ್ಲಿದ್ದೆ.

ಅಕ್ಕ ಡಾಕ್ಟರಮ್ಮನ ಹತ್ತಿರ ಇನ್ನೊಂದು ಸಲ ಹೋಗಿಬರೋಣ ಎಂದು ಹಠ ಹಿಡಿದಿದ್ದಾಳೆ. ಯಾಕೆ, ಎದೆ ಡವಗುಟ್ಟುವುದು ನಿಂತಿದೆಯಲ್ಲ ಎಂದೆ. "ಅದಕ್ಕೇ" ಅಂದಳು. "ಬೈಯೋಕೆ ಒಂದು ಕಾರಣಾನೂ ಕೊಡ್ತಿಲ್ಲ ನೀನು. ಮನೇಲಿ ಇದ್ದೀಯೋ ಇಲ್ವೋ ಅಂತ ನಾನೇ ಎದ್ದು ಬಂದು ನೋಡೋ ಹಾಗಾಗಿದೆ." ಅವಳಿಗೆ ಏನೇನೋ ಯೋಚನೆ. ನಾನು ಚೆನ್ನಾಗಿಯೇ ಇದ್ದೇನೆ.

೨ ಏಪ್ರಿಲ್, ಬುಧವಾರ

ಕೆಂಪು ಚೀಟಿಗಳನ್ನು ಕೆರೆದು ತೆಗೆದಿದ್ದಾರೆ. ಈಗ ಎಂಟಕ್ಕೂ ನೀಲಿ.

ಹೊಸ ಸುತ್ತೋಲೆ ಬಂತು. ಹಿಂದಿನ ಪರೀಕ್ಷೆಯಲ್ಲಿ ಫೋನುಗಳ ಬ್ಯಾಟರಿ ಇಳಿಯುತ್ತಿದ್ದುದು ಸಮಯಕ್ಕೆ ಸರಿಯಾಗಿ ಯಾರ ಗಮನಕ್ಕೂ ಬರಲಿಲ್ಲವಂತೆ. ಆದ್ದರಿಂದ ಇನ್ನು ಮುಂದೆ ನಡೆಯುವವರು ಹತ್ತು ನಿಮಿಷಕ್ಕೊಮ್ಮೆ ನಿಂತು, ಪ್ರತಿ ಫೋನಿನ ಪರದೆ ಬೆಳಗಿಸಿ, ಅಂಕಿ ನೋಡಿ, ಹಾಳೆಯಲ್ಲಿ ಗುರುತು ಹಾಕತಕ್ಕದ್ದು. ಇದು ನಲವತ್ತೇಳನೇ ನಿಯಮ ಎಂದುಕೊಂಡೆ. ಓದಿ ಒಪ್ಪಿದ್ದೇನೆ ಎಂದು ಕೆಳಗೆ ಸಹಿ ಮಾಡಬೇಕಿತ್ತು. ಮಾಡಿದೆ.

"ಈಗ ನಿನಗೆ ಹಬ್ಬ" ಎಂದು ರೇಡಿಯೋ ಮಾಮ ತಮಾಷೆ ಮಾಡಿ, ನನ್ನ ಮುಖ ನೋಡಿ ಚಾರ್ಜರಿನ ತಂತಿ ಸುತ್ತತೊಡಗಿದರು.

ನಾಲ್ಕು ಸುತ್ತು ನಡೆದೆ. ಸುತ್ತು ಮುಗಿಯುವಾಗಲೆಲ್ಲ ಗೇಟಿನ ಹತ್ತಿರ ನಿಂತು ಆರಾರು ಗುರುತು ಹಾಕಿದೆ, ಒಟ್ಟು ಇಪ್ಪತ್ತನಾಲ್ಕು. ಚೀಲ ಒಂದು ಸಲವೂ ತೆರೆಯಲಿಲ್ಲ. ಸಂಜೆ ಹಾಳೆ ಕೊಟ್ಟೆ, ತೆಗೆದುಕೊಂಡರು.